ಎಲ್ಲವನ್ನೂ ಎಐ ಮಾಡಿಕೊಡುವಾಗ ಗೇಮ್ ಮಾಡುವವರಿಗೆ ಉಳಿಯುವ ಕೆಲಸ ಯಾವುದು?

ಪ್ರಶ್ನೆ: ನಾವು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೂವರು. ಒಬ್ಬಳು ತೀರ್ಥಹಳ್ಳಿ ಕಡೆಯವಳು, ಒಬ್ಬ ಸಾಗರದವನು, ನಾನು ಶಿವಮೊಗ್ಗದವನೇ. ಅಡಿಕೆ ತೋಟದ ಹಿನ್ನೆಲೆಯಲ್ಲಿ ಒಂದು ಗೇಮ್ ಮಾಡಲು ಹೊರಟಿದ್ದೇವೆ. ಕೋಡ್, ಚಿತ್ರ, ಸಂಗೀತ, ಸಂಭಾಷಣೆ ಏನು ಕೇಳಿದರೂ ಎಐ ನಿಮಿಷಗಳಲ್ಲಿ ಕೊಡುತ್ತಿದೆ. ನಮ್ಮಲ್ಲಿ ಚಿತ್ರ ಬರೆಯುವವಳು ‘ಹಾಗಾದರೆ ನಾನು ಯಾಕೆ ಬೇಕು?’ ಎಂದು ಕೇಳುತ್ತಿದ್ದಾಳೆ. ಅವಳಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಎಐ ಬಳಸುವುದು ತಪ್ಪೇ? ಬಳಸಿದರೆ ಆ ಗೇಮನ್ನು ನಮ್ಮದು ಎನ್ನಬಹುದೇ?

ಉತ್ತರ: ನಿಮ್ಮ ಗೆಳತಿ ಬೇಕು. ಯಾಕೆ ಬೇಕು ಎಂದು ಅವಳ ಮನಸ್ಸಿಗೆ ಒಪ್ಪುವಂತೆ ಹೇಳಬೇಕಾದರೆ ಮೊದಲು ನಿಮ್ಮ ಗೇಮ್‌ನ ಒಳಗೆ ಏನಿರಬೇಕು ಎಂದು ನೋಡೋಣ.

ನಿಮ್ಮ ಪತ್ರ ಓದಿದ ಮೇಲೆ, ಎಲ್ಲರೂ ಬಳಸುವ ಎಐ ಒಂದಕ್ಕೆ ‘ಮಲೆನಾಡಿನ ಅಡಿಕೆ ತೋಟದ ಗೇಮ್ ಒಂದನ್ನು ರೂಪಿಸಿಕೊಡು’ ಎಂದು ಕೇಳಿದೆ. ಅಚ್ಚುಕಟ್ಟಾದ ಯೋಜನೆಯೇ ಬಂತು. ಸಸಿ ನೆಡುವುದು, ದಿನಾ ನೀರು ಹಾಯಿಸುವುದು, ಕೊಯ್ಯುವುದು, ಮಾರುವುದು, ಬಂದ ನಾಣ್ಯದಲ್ಲಿ ಇನ್ನಷ್ಟು ಜಮೀನು ಕೊಳ್ಳುವುದು. ಮಳೆಗಾಲ ಅದರಲ್ಲಿ ಬರಿಯ ಹಿನ್ನೆಲೆಯ ಚಿತ್ರ, ಜೊತೆಗೆ ಹನಿಗಳ ಸದ್ದು. ಆಷಾಢದಲ್ಲಿಯೂ ಆಟಗಾರ ಬೆಳಗೆದ್ದು ತೋಟಕ್ಕೆ ನೀರು ಬಿಡಬೇಕಿತ್ತು. ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಉದುರಿಸುವ ಕೊಳೆರೋಗದ ಹೆಸರೇ ಇರಲಿಲ್ಲ. ಆಗುಂಬೆಯ ಸುತ್ತಮುತ್ತ ಜುಲೈ ತಿಂಗಳನ್ನು ಒಮ್ಮೆ ಕಂಡವರು ಯಾರೂ ಹೀಗೆ ಬರೆಯುವುದಿಲ್ಲ.

ತಪ್ಪು ತೋರಿಸಿದರೆ ಯಂತ್ರ ತಿದ್ದಿಕೊಳ್ಳುತ್ತದೆ, ಅದನ್ನು ಒಪ್ಪುತ್ತೇನೆ. ‘ಕೊಳೆರೋಗ ಸೇರಿಸು’ ಎಂದೆ, ಸೇರಿಸಿತು. ರೋಗದ ಲಕ್ಷಣ, ಔಷಧಿ ಎಲ್ಲವನ್ನೂ ಸರಿಯಾಗಿಯೇ ಹೇಳಿತು. ಅಂದರೆ ಮಾಹಿತಿ ಅದರ ಬಳಿ ಇತ್ತು. ಆ ಮಾಹಿತಿಯೇ ಗೇಮ್‌ನ ಜೀವಾಳವಾಗಬೇಕು ಎಂಬ ತೀರ್ಮಾನ ಇರಲಿಲ್ಲ. ಈ ಎಐ ಮಾದರಿಗಳು ಕಲಿತಿರುವುದು ಜಗತ್ತಿನಲ್ಲಿ ಈಗಾಗಲೇ ಇರುವ ಬರಹ, ಚಿತ್ರ, ಕೋಡ್‌ಗಳಿಂದ. ಕೇಳಿದಾಗ ಕೊಡುವುದು ಅವುಗಳಲ್ಲಿ ಹೆಚ್ಚು ಸಂಭವನೀಯವಾದದ್ದನ್ನು. ಕೃಷಿಯ ಗೇಮ್ ಎಂದರೆ ಬಿತ್ತು, ನೀರು ಹಾಕು, ಕೊಯ್ಯಿ ಎಂಬ ಅಚ್ಚು ಸಾವಿರಾರು ಗೇಮ್‌ಗಳಲ್ಲಿ ಇದೆ. ನೀವು ಬೇರೇನೂ ಹೇಳದಿದ್ದರೆ ಆ ಅಚ್ಚೇ ಬರುತ್ತದೆ. ಅದು ಅಡಿಕೆಗೂ ಒಂದೇ, ಆಲೂಗಡ್ಡೆಗೂ ಒಂದೇ.

ಈಗ ಕೊಳೆಯ ಕಾಲದಲ್ಲಿ ಒಂದು ತೋಟದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ ಇದು. ಎಳೆಯ ಕಾಯಿ ಕೊಳೆತು ಉದುರುತ್ತದೆ, ಗಾಳಿಮಳೆಯ ಹನಿಯೊಂದಿಗೆ ಒಂದು ಅಡಿಕೆ ಕೊನೆಯಿಂದ (ಗೊನೆಯಿಂದ) ಇನ್ನೊಂದಕ್ಕೆ ದಾಟುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ಮದ್ದು ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸುರಿಯುತ್ತಾ ಕಲಕುತ್ತಾರೆ. ಹದ ನೋಡಲು ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಕಲಸಿದ ಮದ್ದನ್ನು ಆ ದಿನವೇ ಮುಗಿಸಬೇಕು, ನಾಳೆಗೆ ಇಟ್ಟುಕೊಳ್ಳುವಂತಿಲ್ಲ. ಹೊಡೆದ ಮದ್ದು ಅಡಿಕೆ ಕೊನೆಗೆ ಅಂಟಿ ಒಣಗಬೇಕಾದರೆ ಮಳೆ ಸ್ವಲ್ಪ ಹೊತ್ತು ನಿಂತು ಹೊಳವು ಕೊಡಬೇಕು. ಹೊಳವಾದ ದಿನ ಊರಿನ ಎಲ್ಲ ತೋಟದವರಿಗೂ ಬೇಕಾಗುವುದು ಮರ ಹತ್ತುವ ಅದೇ ಒಬ್ಬ ಕೊನೆಗೌಡ.

ಈ ಸಂಗತಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಯಾವಾಗ ಬಂದು ಯಾವಾಗ ಹೋಗುತ್ತದೋ ತಿಳಿಯದ ಹೊಳವು. ಕಲಸಿದರೆ ಉಳಿಸಿಕೊಳ್ಳಲಾಗದ ಮದ್ದು. ಒಬ್ಬನೇ ಕೊನೆಗೌಡ. ಪಕ್ಕದ ತೋಟಕ್ಕೆ ಕೊಳೆ ಬಂದರೆ ನಮ್ಮದಕ್ಕೂ ದಾಟುವ ಭಯ. ಬೆಳಗ್ಗೆ ಆಟಗಾರ ಅಂಗಳಕ್ಕೆ ಬಂದು ಆಕಾಶ ನೋಡುತ್ತಾನೆ. ಈಗಲೇ ಮದ್ದು ಕಲಸಲೇ, ಇನ್ನೊಂದು ಗಳಿಗೆ ಕಾಯಲೇ? ಕೊನೆಗೌಡನನ್ನು ಮೊದಲು ನಾನೇ ಕರೆಸಿಕೊಳ್ಳಲೇ, ಕೆಳಗಿನ ತೋಟದವರಿಗೆ ಬಿಟ್ಟುಕೊಡಲೇ? ಬಿಟ್ಟುಕೊಟ್ಟರೆ ನನ್ನ ಫಸಲಿಗೆ ಅಪಾಯ, ಬಿಡದಿದ್ದರೆ ಅವರ ತೋಟದಿಂದ ನನ್ನ ತೋಟಕ್ಕೇ ಅಪಾಯ. ಗೇಮ್ ಎಂದರೆ ಈ ಇಕ್ಕಟ್ಟು. ಒಂದೇ ಒಂದು ಚಿತ್ರವಿಲ್ಲದೆ, ಕಾಗದದ ಮೇಲೆ ಕವಡೆ ಮತ್ತು ಕಾಯಿ ಇಟ್ಟುಕೊಂಡು ಇದನ್ನು ಆಡಬಹುದು. ಆಡುವವರಿಗೆ ಎದೆ ಹೊಡೆದುಕೊಳ್ಳುತ್ತದೆ.

ಗೇಮ್ ಮಾಡುವುದರಲ್ಲಿ ಮನುಷ್ಯನ ಸೃಜನಶೀಲತೆ ಎಲ್ಲಿದೆ ಎಂದು ಕೇಳಿದರೆ ನಾನು ಮೊದಲು ಬೆರಳು ತೋರಿಸುವುದು ಇಲ್ಲಿಗೆ. ಆಟಗಾರನಿಗೆ ಯಾವ ಆಯ್ಕೆ ಕೊಡಬೇಕು, ಯಾವುದಕ್ಕೆ ಬೆಲೆ ತೆರಿಸಬೇಕು, ಯಾವುದನ್ನು ಕೊಡಲೇಬಾರದು ಎಂದು ನಿರ್ಧರಿಸುವುದು ನಿಮ್ಮ ಕೆಲಸ. ಹುಲಿ-ಕುರಿ ಆಟವನ್ನೇ ತೆಗೆದುಕೊಳ್ಳಿ. ಮೂರು ಹುಲಿ, ಹದಿನೈದು ಕುರಿ, ಕೆಲವು ಗೆರೆ. ಹುಲಿ ಹಾರಿ ತಿನ್ನಬಲ್ಲದು. ಕುರಿಗೆ ಆ ಶಕ್ತಿಯಿಲ್ಲ, ಒಟ್ಟಾಗಿ ನಿಂತು ಹುಲಿಗೆ ದಾರಿ ಮುಚ್ಚುವುದೊಂದೇ ಅದರ ಬಲ. ದಕ್ಷಿಣ ಭಾರತದ ಎಷ್ಟೋ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಈ ಆಟದ ಗೆರೆಗಳನ್ನು ಇವತ್ತಿಗೂ ಕಾಣಬಹುದು. ಚಿತ್ರವಿಲ್ಲ, ಸಂಗೀತವಿಲ್ಲ, ಕಥೆಯೂ ಇಲ್ಲ. ಎರಡು ಕಡೆಯ ಬಲವನ್ನು ಬೇರೆ ಬೇರೆ ಇಟ್ಟು, ಆದರೂ ಪಂದ್ಯ ಸಮವಾಗುವಂತೆ ಯಾರೋ ಎಣಿಸಿ, ಆಡಿ, ತಿದ್ದಿದ್ದಾರೆ. ಹಾಗೆ ತಿದ್ದಿದವರ ಹೆಸರು ನಮಗೆ ಗೊತ್ತಿಲ್ಲ, ಆದರೆ ಅವರು ದೊಡ್ಡ ವಿನ್ಯಾಸಕಾರರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಯಂತ್ರದಿಂದ ಲೋಕಗಳನ್ನು ಹುಟ್ಟಿಸುವುದು ಗೇಮ್ ಉದ್ಯಮಕ್ಕೆ ಹೊಸದೂ ಅಲ್ಲ. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಬ್ರಿಟಿಷ್ ಯುವಕರು ಬಿಬಿಸಿ ಮೈಕ್ರೋ ಎಂಬ ಪುಟ್ಟ ಕಂಪ್ಯೂಟರಿಗೆ ‘ಎಲೀಟ್’ ಎಂಬ ಗೇಮ್ ಬರೆದರು. ಆ ಗೇಮ್‌ನ ಬಾಹ್ಯಾಕಾಶದ ನಕ್ಷತ್ರಗಳನ್ನು ಗಣಿತದ ಸೂತ್ರವೇ ಹುಟ್ಟಿಸುತ್ತಿತ್ತು. ಲೆಕ್ಕದ ಪ್ರಕಾರ ಕೋಟ್ಯಂತರ ಆಕಾಶಗಂಗೆಗಳನ್ನು ಕೊಡಬಹುದಿತ್ತು. ಕೊಟ್ಟದ್ದು ಎಂಟು, ಒಂದೊಂದರಲ್ಲಿ 256 ಲೋಕ. ಮಿತಿಯಿಲ್ಲದೆ ಕೊಟ್ಟರೆ ಇದೆಲ್ಲ ಬರಿಯ ಲೆಕ್ಕ ಎಂಬುದು ಆಟಗಾರನಿಗೆ ತಿಳಿದುಬಿಡುತ್ತದೆ ಎಂದು ಪ್ರಕಾಶಕರು ಹೇಳಿದ್ದನ್ನು ಅವರು ಒಪ್ಪಿದರು. 2016ರಲ್ಲಿ ಬಂದ ‘ನೋ ಮ್ಯಾನ್ಸ್ ಸ್ಕೈ’ ಹದಿನೆಂಟರ ಮುಂದೆ ಹದಿನೆಂಟು ಸೊನ್ನೆ ಹಾಕುವಷ್ಟು ಗ್ರಹಗಳನ್ನು ಕೊಟ್ಟಿತು. ಬಿಡುಗಡೆಯಾದಾಗ ಜನ ಮಾಡಿದ ದೂರುಗಳಲ್ಲಿ ಒಂದು, ಕೆಲವು ಗ್ರಹ ನೋಡಿದ ಮೇಲೆ ಎಲ್ಲವೂ ಒಂದೇ ತರಹ ಕಾಣುತ್ತದೆ ಎಂಬುದು. ಆಮೇಲೆ ವರ್ಷಗಟ್ಟಲೆ ಕೂತು ಆ ಗೇಮನ್ನು ಗಟ್ಟಿ ಮಾಡಿದ್ದು ಅದನ್ನು ಮಾಡಿದ ತಂಡವೇ. ಜನ ಮರಳಿ ಬಂದದ್ದು ಆ ದುಡಿಮೆಗೆ.

ಈಗಿನ ಎಐ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2024ರ ಆಗಸ್ಟ್‌ನಲ್ಲಿ ಗೂಗಲ್‌ನ ಸಂಶೋಧಕರು 1993ರ ‘ಡೂಮ್’ ಗೇಮನ್ನು, ಗೇಮ್ ನಡೆಸುವ ತಂತ್ರಾಂಶವಾದ ಎಂಜಿನ್ನೇ ಇಲ್ಲದೆ, ಮುಂದಿನ ಚಿತ್ರ ಯಾವುದಿರಬಹುದು ಎಂದು ಊಹಿಸುತ್ತಾ ಸೆಕೆಂಡಿಗೆ 20 ಚಿತ್ರದಂತೆ ನಡೆಸಿ ತೋರಿಸಿದರು. ಅದೇ ವರ್ಷ ಬಂದ ‘ಓಯಸಿಸ್’ ಮೈನ್‌ಕ್ರಾಫ್ಟ್‌ನಂಥ ಲೋಕವನ್ನು ಹಾಗೆಯೇ ಹುಟ್ಟಿಸಿತು. ಅದರಲ್ಲಿ ಒಂದು ಗುಡ್ಡ ನೋಡಿ, ಹಿಂದಕ್ಕೆ ತಿರುಗಿ, ಮತ್ತೆ ಮುಂದೆ ನೋಡಿದರೆ ಆ ಗುಡ್ಡ ಇರುತ್ತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ‘ಜೀನೀ 3’ ತಾನು ಹುಟ್ಟಿಸಿದ ಲೋಕವನ್ನು ಕೆಲವು ನಿಮಿಷ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಳ್ಳುತ್ತದೆ. ನೆನಪಿನ ಶಕ್ತಿ ಇನ್ನೂ ಬೆಳೆಯಬಹುದು, ಬೆಳೆಯಲಿ. ಗುಡ್ಡ ಅಲ್ಲೇ ನಿಂತರೂ ಆ ಗುಡ್ಡ ಅಲ್ಲಿ ಯಾಕಿದೆ, ಅದನ್ನು ಹತ್ತಿದವನಿಗೆ ಏನು ಕಾಣಬೇಕು ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿಕೊಳ್ಳಲೇಬೇಕು.

ಆ ‘ಹತ್ತಿದವನು’ ಬಹಳ ಮುಖ್ಯ. ಗೇಮ್‌ನ ಅರ್ಧವನ್ನು ಮಾಡುವವನು ಆಟಗಾರ. ತಾಳಮದ್ದಲೆಯಲ್ಲಿ ಭಾಗವತರು ಯಾವ ಪದ್ಯ ಎತ್ತಬೇಕು, ಎಲ್ಲಿ ನಿಲ್ಲಿಸಿ ಅರ್ಥಧಾರಿಗೆ ಬಿಡಬೇಕು ಎಂಬುದನ್ನು ಎದುರಿಗೆ ಕೂತವರ ಹದ ನೋಡಿ ನಿರ್ಧರಿಸುತ್ತಾರಲ್ಲ, ಗೇಮ್ ವಿನ್ಯಾಸ ಮಾಡುವವರೂ ಹಾಗೆಯೇ ಬಿಟ್ಟುಕೊಡಬೇಕಾದ ಜಾಗವನ್ನು ಹುಡುಕಬೇಕು. ಅದಕ್ಕೆ ಆಡುವವರನ್ನು ನೋಡದೆ ಬೇರೆ ದಾರಿಯಿಲ್ಲ. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. 2018ರ ‘ಸೆಲೆಸ್ಟ್’ ಎಂಬ ಬೆಟ್ಟ ಹತ್ತುವ ಗೇಮ್‌ನಲ್ಲಿ ಪಾತ್ರ ಬಂಡೆಯ ಅಂಚು ದಾಟಿ ಗಾಳಿಗೆ ಬಂದ ಮೇಲೂ ಕಣ್ಣೆವೆಯಿಕ್ಕುವಷ್ಟು ಹೊತ್ತು ಜಿಗಿಯಲು ಅವಕಾಶವಿದೆ. ಭೌತಶಾಸ್ತ್ರದ ಪ್ರಕಾರ ತಪ್ಪು. ಆದರೆ ಗುಂಡಿ ಒತ್ತಿದವನ ಮನಸ್ಸಿನಲ್ಲಿ ತಾನು ಸರಿಯಾದ ಹೊತ್ತಿಗೇ ಒತ್ತಿದ್ದೆ. ಬಿದ್ದರೆ ಗೇಮ್ ಮೋಸ ಮಾಡಿತು ಎನಿಸುತ್ತದೆ. ಆ ಅನ್ಯಾಯದ ಭಾವವನ್ನು ಅಳಿಸಲು ನಿಯಮವನ್ನೇ ಬಗ್ಗಿಸಿದ್ದಾರೆ. ಇದರ ಕೋಡ್ ಕೇಳಿದರೆ ಎಐ ಕೂಡಲೇ ಬರೆದುಕೊಡುತ್ತದೆ. ಕೇಳಬೇಕು ಎಂದು ಹೊಳೆಯುವುದು, ಆಡುತ್ತಿದ್ದ ಮಗುವೊಂದು ಮುಖ ಸಿಂಡರಿಸಿ ಮೊಬೈಲ್ ಕೆಳಗಿಟ್ಟದ್ದನ್ನು ನೀವು ಕಂಡಿದ್ದರೆ.

ಇನ್ನು ನಿಮ್ಮ ಗೆಳತಿಯ ಚಿತ್ರಗಳ ಮಾತು. ಯಂತ್ರಕ್ಕೆ ‘ಮಲೆನಾಡಿನ ತೋಟದ ಮನೆ’ ಎಂದರೆ ಬರುವುದು ಸುಂದರವಾದ ಹೆಂಚಿನ ಮನೆ, ಅದರ ಸುತ್ತ ತೆಂಗಿನಂತೆ ದಪ್ಪನೆಯ ಮರ, ಹಿಂದೆ ಚಹಾ ತೋಟದ ಮೆಟ್ಟಿಲು ಬೆಟ್ಟ. ಅಂಗಳದ ಮೇಲೆ ಚಪ್ಪರವಿಲ್ಲ, ಅಡಿಕೆ ಒಣಗಿಸುವ ಅಟ್ಟವಿಲ್ಲ, ಬಚ್ಚಲ ಒಲೆಯ ಹೊಗೆಯಿಲ್ಲ. ಅಡಿಕೆ ಮರದ ತೆಳ್ಳಗಿನ ಕಾಂಡ, ಅದರ ಮೇಲೆ ಸೋಗೆ ಕಳಚಿದ ಕಡೆಯ ಉಂಗುರಗಳು, ಗಾಳಿಗೆ ಇಡೀ ತೋಟ ಒಟ್ಟಿಗೆ ತೂಗುವ ಪರಿ ಬರುವುದಿಲ್ಲ. ಮಲೆನಾಡಿನ ಗೋಡೆ ಚಿತ್ರವಾದ ಹಸೆ ಚಿತ್ತಾರ ಕೇಳಿದೆ. ಕೆಂಪು ಹಿನ್ನೆಲೆಯ ಮೇಲೆ ಬಿಳಿ ಗೆರೆ ಬಂತು, ಆದರೆ ಮನುಷ್ಯರ ಆಕೃತಿಗಳು ಮಹಾರಾಷ್ಟ್ರದ ವಾರ್ಲಿ ಚಿತ್ರಗಳವು, ಅಂಚು ಎಲ್ಲಿಯದೋ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಚಿತ್ತಾರ ಬರೆಯುವುದನ್ನು ಕುಳಿತು ನೋಡಿದವರಿಗೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಎಳೆಗಳು ಒಂದಕ್ಕೊಂದು ತಾಗದಂತೆ ಸಮನಾಗಿ ಓಡುತ್ತವೆ. ಕೈ ನಡುಗಿದರೆ ಇಡೀ ಚೌಕಟ್ಟು ಸೊಟ್ಟಗಾಗುತ್ತದೆ. ಮದುವೆಯ ಹಸೆಗೋಡೆಗೆ ಒಂದು ಬಗೆ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಇನ್ನೊಂದು ಬಗೆ. ಯಾವುದು ಎಲ್ಲಿಗೆ ಸಲ್ಲುತ್ತದೆ ಎಂಬ ತಿಳಿವಳಿಕೆ ಗೆರೆಯಷ್ಟೇ ಮುಖ್ಯ.

ನಿಮ್ಮ ಗೆಳತಿ ತೀರ್ಥಹಳ್ಳಿ ಕಡೆಯವಳೇ ಆಗಿದ್ದರೆ ಇದರಲ್ಲಿ ಅರ್ಧ ಅವಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಅವಳು ಬರೆಯುವ ಚಿತ್ರ ಯಂತ್ರದ್ದಕ್ಕಿಂತ ನಯವಾಗಿರಬೇಕಿಲ್ಲ. ಒಂದು ಚಿತ್ರ ಇನ್ನೊಂದು ಚಿತ್ರದ ಜೊತೆ ಮಾತಾಡುವಂತಿರಬೇಕು, ಆಟಗಾರನ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಬೇಕು. ಮೋಡ ಕವಿದದ್ದಕ್ಕೂ ಹೊಳವು ಬರಲಿರುವುದಕ್ಕೂ ಆಕಾಶದ ಬಣ್ಣದಲ್ಲಿ ಇರುವ ಸೂಕ್ಷ್ಮ ವ್ಯತ್ಯಾಸ ನಿಮ್ಮ ಗೇಮ್‌ನಲ್ಲಿ ಅಲಂಕಾರವಲ್ಲ, ಆಟಗಾರ ಓದಬೇಕಾದ ಸುಳಿವು. ಆ ಬಣ್ಣವನ್ನು ನಿರ್ಧರಿಸುವವಳು ಗೇಮ್‌ನ ನಿಯಮವನ್ನೇ ಬರೆಯುತ್ತಿದ್ದಾಳೆ. ಅವಳಿಗೆ ಇದನ್ನು ಹೇಳಿ. ಇನ್ನು ಮುಂದೆ ವಿನ್ಯಾಸದ ಮಾತುಕತೆಗೆ ಅವಳನ್ನು ಕೊನೆಗೆ ಕರೆಯದೆ ಮೊದಲಿಗೇ ಕೂರಿಸಿಕೊಳ್ಳಿ.

ತಮ್ಮ ಮನೆಯ ಸಂಗತಿಯಿಂದ ನಿಯಮ ಹುಟ್ಟಿಸಿದವರು ಹಲವರಿದ್ದಾರೆ. ಜಪಾನಿನ ಗೇಮ್ ವಿನ್ಯಾಸಕಾರ ಶಿಗೆರು ಮಿಯಾಮೊಟೊ ಬಾಲ್ಯದಲ್ಲಿ ಕ್ಯೋಟೊ ಬಳಿಯ ಸೊನೊಬೆಯ ಗುಡ್ಡಗಳಲ್ಲಿ ಅಲೆದು, ಸಿಕ್ಕಿದ ಗುಹೆಯೊಂದಕ್ಕೆ ಲಾಟೀನು ಹಿಡಿದು ಇಳಿದ ಅನುಭವವೇ 1986ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ದ ಹಿಂದಿದೆ. 2023ರ ‘ವೆಂಬಾ’ವನ್ನು ಟೊರಾಂಟೋದ ಒಂದು ಪುಟ್ಟ ತಂಡ ಮಾಡಿತು. ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳ ಕಥೆ. ಅವಳ ಬಳಿ ಇರುವ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಮಸುಕಾಗಿದೆ. ಬಿಟ್ಟುಹೋದ ಹಂತವನ್ನು ಆಟಗಾರನೇ ಯೋಚಿಸಿ ತುಂಬಬೇಕು. ಇಡ್ಲಿ ತಟ್ಟೆಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದೇ ಒಂದು ಒಗಟು. ಹರಿದ ಪುಟ ಎಂಬ ಆ ಒಂದು ಕಲ್ಪನೆಯಲ್ಲಿ ವಲಸೆಯ ನೋವೂ ಇದೆ, ಆಟವೂ ಇದೆ. ಆ ಗೇಮ್‌ಗೆ 2024ರಲ್ಲಿ ಬ್ರಿಟನ್ನಿನ ಬಾಫ್ತಾ ಸಂಸ್ಥೆಯ ಚೊಚ್ಚಲ ಗೇಮ್ ಪ್ರಶಸ್ತಿ ಬಂತು.

ಸಂಭಾಷಣೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕನ್ನಡದ ಮಾತುಗಳನ್ನು ಯಂತ್ರಕ್ಕೆ ಬಿಡಬೇಡಿ. ತೋಟದ ಮನೆಯ ಅಜ್ಜಿಯ ಬಾಯಲ್ಲಿ ಅದು ‘ನಮಸ್ಕಾರ ಪ್ರಯಾಣಿಕರೇ, ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಎಂದು ಹೇಳಿಸುತ್ತದೆ. ನಮ್ಮ ಅಜ್ಜಿ ಜಗಲಿಗೆ ಬಂದವರನ್ನು ಮೊದಲು ಕೇಳುವುದು ಯಾವ ಊರು, ಯಾರ ಮನೆ ಎಂದು. ಆಮೇಲೆ ಆಸರಿಗೆ (ಕುಡಿಯಲು) ಏನು ಕೊಡಲಿ ಎಂದು. ಬೆಲ್ಲ, ನೀರು ಬರುತ್ತದೆ. ಆ ಎರಡು ಪ್ರಶ್ನೆಯಲ್ಲಿ ಒಂದು ಸಮಾಜವೇ ಇದೆ, ಅದರ ಆದರವೂ ಇದೆ, ಅದರ ಜಾತಿ ವಿಚಾರಣೆಯೂ ಇದೆ. ಯಾವ ಪಾತ್ರ ಯಾರನ್ನು ಏಕವಚನದಲ್ಲಿ ಕರೆಯುತ್ತದೆ ಎಂಬುದರಿಂದಲೇ ನೀವು ಅರ್ಧ ಕಥೆ ಹೇಳಬಹುದು. ಅದನ್ನು ನಿಮ್ಮ ಕಿವಿಯಿಂದ ಬರೆಯಿರಿ.

ಅಕ್ಷರದ ತಾಂತ್ರಿಕ ತೊಂದರೆ ಬೇರೆಯೇ ಇದೆ. ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಅಕ್ಷರ ತೋರಿಸಲು ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ‘ತೀರ್ಥಹಳ್ಳಿ’ ಎಂದು ಬರೆದರೆ ಅರ್ಕಾವೊತ್ತು, ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ. 2023ರಲ್ಲಿ ಬಂದ ಗೋಡೋ 4 ಎಂಜಿನ್‌ನಲ್ಲಿ ಇಂಥ ಲಿಪಿಗಳ ಜೋಡಣೆಗೆ ಬೆಂಬಲವಿದೆ, ಅದು ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ. ಕನ್ನಡದಲ್ಲಿ ಗೇಮ್ ಮಾಡುವವರಿಗೆ ಅದನ್ನೇ ಸೂಚಿಸುತ್ತೇನೆ. ಎಐ ಬಿಡಿಸಿದ ಚಿತ್ರದೊಳಗಿನ ಕನ್ನಡ ಫಲಕಗಳನ್ನು ಒಂದೊಂದಾಗಿ ಓದಿ ನೋಡಿ. ಅಕ್ಷರದಂತೆ ಕಾಣುವ, ಅಕ್ಷರವಲ್ಲದ ಗೀಟುಗಳು ಅದರಲ್ಲಿ ಬಹಳ.

ಹಾಗಾದರೆ ಎಐ ಬಳಸಲೇಬಾರದೇ? ಬಳಸಿ. ಉಳಿಸುವ-ತೆರೆಯುವ ಕೋಡ್, ಮೆನು, ದೋಷ ಹುಡುಕುವುದು, ನೂರಾರು ಕಡತಗಳ ಹೆಸರು ಬದಲಿಸುವ ಪುಟ್ಟ ಸ್ಕ್ರಿಪ್ಟ್, ಗೇಮ್ ಮಾರುವ ಆನ್‌ಲೈನ್ ಅಂಗಡಿಯ ಪುಟಕ್ಕೆ ಇಂಗ್ಲಿಷ್ ವಿವರಣೆಯ ಕರಡು, ಇಂಥ ಕೆಲಸಕ್ಕೆ ಅದು ಬಹಳ ಒಳ್ಳೆಯ ಜೊತೆಗಾರ. ಮೂವರ ತಂಡಕ್ಕೆ ಇದು ತಿಂಗಳುಗಳನ್ನು ಉಳಿಸಿಕೊಡಬಹುದು. ನನ್ನ ಷರತ್ತು ಒಂದೇ. ಬಂದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ನಿಮ್ಮಿಂದ ಆಗಬೇಕು. ಹೊಳವು, ಮದ್ದು, ಕೊನೆಗೌಡ ಇವುಗಳ ಲೆಕ್ಕ ನಡೆಯುವ ಕೋಡಿನ ಪ್ರತಿಯೊಂದು ಸಾಲನ್ನೂ ನೀವು ಬೋರ್ಡಿನ ಮುಂದೆ ನಿಂತು ವಿವರಿಸಬಲ್ಲವರಾಗಿರಬೇಕು, ಏಕೆಂದರೆ ನೂರು ಸಲ ತಿದ್ದಬೇಕಾಗಿ ಬರುವುದು ಅದನ್ನೇ. ಅರ್ಥವಾಗದ ಕೋಡನ್ನು ತಿದ್ದಲಾಗದೆ ಜನ ಗೇಮನ್ನೇ ಕೈಬಿಟ್ಟದ್ದನ್ನು ನೋಡಿದ್ದೇನೆ. ನೀವಿನ್ನೂ ಕಲಿಯುತ್ತಿರುವವರು ಎಂಬುದೂ ನೆನಪಿರಲಿ; ಯಾವ ಕೆಲಸದಿಂದ ನಿಮ್ಮ ಕೈ ಪಳಗಬೇಕೋ ಆ ಕೆಲಸವನ್ನು ಬೇರೆಯವರಿಗೆ ಕೊಟ್ಟರೆ ಕೈ ಪಳಗುವುದಿಲ್ಲ.

ತಾತ್ಕಾಲಿಕವಾಗಿ ಎಐ ಚಿತ್ರ ಇಟ್ಟುಕೊಂಡು ಆಮೇಲೆ ಬದಲಿಸುತ್ತೇವೆ ಎನ್ನುವವರು ಒಂದು ಎಚ್ಚರಿಕೆ ವಹಿಸಬೇಕು. 2025ರ ಬಹು ಮೆಚ್ಚುಗೆಯ ಫ್ರೆಂಚ್ ಗೇಮ್ ‘ಕ್ಲೇರ್ ಒಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ರಲ್ಲಿ ಹಾಗೆ ತಾತ್ಕಾಲಿಕವಾಗಿ ಇಟ್ಟ ಕೆಲವು ಎಐ ಚಿತ್ರಗಳು ಬಿಡುಗಡೆಯ ಪ್ರತಿಯಲ್ಲಿ ಉಳಿದುಬಿಟ್ಟಿದ್ದವು. ಬೇಗನೆ ತೆಗೆದರೂ ಆ ವರ್ಷದ ಡಿಸೆಂಬರ್‌ನಲ್ಲಿ ಇಂಡೀ ಗೇಮ್ ಅವಾರ್ಡ್ಸ್ ತಾನು ಕೊಟ್ಟಿದ್ದ ಪ್ರಶಸ್ತಿಗಳನ್ನು ಹಿಂದಕ್ಕೆ ಪಡೆಯಿತು. ಅಷ್ಟು ಕಠಿಣವಾಗಬೇಕಿತ್ತೇ ಎಂಬುದರ ಬಗ್ಗೆ ಎರಡು ಮಾತಿದೆ, ನನಗಂತೂ ಅದು ಹೆಚ್ಚಾಯಿತು ಎನಿಸಿತು. ಆದರೂ ತಾತ್ಕಾಲಿಕ ಕಡತಗಳನ್ನು ಬೇರೆಯೇ ಫೋಲ್ಡರಿನಲ್ಲಿ ಇಟ್ಟು, ಬಿಡುಗಡೆಯ ಮೊದಲು ಆ ಫೋಲ್ಡರನ್ನೇ ಅಳಿಸುವ ಪದ್ಧತಿ ಈಗಲೇ ಮಾಡಿಕೊಳ್ಳಿ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮಾರುವುದಾದರೆ 2024ರ ಜನವರಿಯಿಂದ ಇರುವ ನಿಯಮದಂತೆ, ಗೇಮ್‌ನಲ್ಲಿ ಎಐ ಬಳಸಿ ಮೊದಲೇ ತಯಾರಿಸಿದ್ದು ಏನು, ಆಡುವಾಗ ಸ್ಥಳದಲ್ಲೇ ಹುಟ್ಟುವುದು ಏನು ಎಂದು ತಿಳಿಸಬೇಕು. ಮುಚ್ಚಿಡಬೇಡಿ.

‘ನಮ್ಮದು ಎನ್ನಬಹುದೇ’ ಎಂಬ ನಿಮ್ಮ ಪ್ರಶ್ನೆಗೆ ಕಾನೂನಿನ ಮುಖವೂ ಇದೆ. ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರವರಿಯಲ್ಲಿ ಒಂದು ಕಾಮಿಕ್ ಪುಸ್ತಕದ ವಿಷಯದಲ್ಲಿ, ಲೇಖಕಿಯ ಬರಹಕ್ಕೂ ಪುಟಗಳ ಜೋಡಣೆಗೂ ಹಕ್ಕು ಉಂಟು, ಮಿಡ್‌ಜರ್ನಿ ಎಂಬ ಎಐ ಬಿಡಿಸಿದ ಚಿತ್ರಗಳಿಗೆ ಇಲ್ಲ ಎಂದು ಹೇಳಿತು. ಎಐಗೆ ಬರೀ ಪ್ರಾಂಪ್ಟ್ (ಸೂಚನೆ) ಬರೆದುಕೊಟ್ಟರೆ ಕರ್ತೃತ್ವ ಬರುವುದಿಲ್ಲ ಎಂಬುದನ್ನು 2025ರ ಜನವರಿಯ ವರದಿಯಲ್ಲಿ ಮತ್ತೆ ಹೇಳಿತು. ನಮ್ಮ 1957ರ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕಂಪ್ಯೂಟರ್ ರಚಿಸಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ. ಆದರೆ ಅದನ್ನು ಬರೆದ ಕಾಲದಲ್ಲಿ ಇಂಥ ಎಐ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಅದರ ಬಲದ ಮೇಲೆ ವ್ಯವಹಾರ ಕಟ್ಟಬೇಡಿ. ನಿಮ್ಮ ಗೇಮ್‌ನ ಗುರುತಾಗುವ ಮುಖ್ಯ ಪಾತ್ರ, ಲಾಂಛನ, ಮುಖಪುಟದ ಚಿತ್ರ ಮನುಷ್ಯರ ಕೈಯದ್ದೇ ಇರಲಿ. ಅಲ್ಲಿಯೂ ನಿಮ್ಮ ಗೆಳತಿಯೇ ಬೇಕು.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಗೇಮ್‌ಗೆ ಚಿತ್ತಾರ ಬರೆಯುವವರ ಗೆರೆ, ಯಾವುದೋ ಅಜ್ಜಿಯ ಹಾಡು, ಕೊನೆಗೌಡರ ಮಾತು ಬೇಕಾಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದು, ದನಿ ಹಿಡಿದು, ಯಂತ್ರಕ್ಕೆ ಉಣಿಸಿ ‘ಇದೇ ಶೈಲಿಯಲ್ಲಿ ನೂರು ಕೊಡು’ ಎನ್ನುವುದು ಈಗ ಬಹಳ ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಅಮೆರಿಕದಲ್ಲಿ ಗೇಮ್‌ಗಳಿಗೆ ದನಿ ಕೊಡುವ ಕಲಾವಿದರು 2024ರ ಜುಲೈಯಿಂದ ಸುಮಾರು ಹನ್ನೊಂದು ತಿಂಗಳು ಮುಷ್ಕರ ಹೂಡಿದ್ದು ಇದೇ ಕಾರಣಕ್ಕೆ. ತಮ್ಮ ದನಿಯ, ಚಲನೆಯ ನಕಲು ಮಾಡುವುದಾದರೆ ಒಪ್ಪಿಗೆ ಕೇಳಬೇಕು, ಹಣ ಕೊಡಬೇಕು ಎಂಬುದು ಅವರ ಬೇಡಿಕೆಯಾಗಿತ್ತು. ಅವರಿಗೆ ಸಂಘಟನೆಯಿತ್ತು. ನಮ್ಮ ಸೊರಬದ ಹಳ್ಳಿಯ ಚಿತ್ತಾರಗಾತಿಗೆ ಅದಿಲ್ಲ, ಹಾಗಾಗಿ ಆ ಜವಾಬ್ದಾರಿ ನಿಮ್ಮ ಮೇಲೆಯೇ ಇದೆ. 2014ರಲ್ಲಿ ಅಲಾಸ್ಕಾದ ಇನುಪಿಯಾಟ್ ಜನರ ಕಥೆಯಿಂದ ‘ನೆವರ್ ಅಲೋನ್’ ಎಂಬ ಗೇಮ್ ಬಂತು. ಆ ಸಮುದಾಯದ ಹಿರಿಯರು, ಕಥೆಗಾರರು ಅದರ ತಯಾರಿಯಲ್ಲೇ ಜೊತೆಗಿದ್ದರು, ಕಥೆ ಹೇಳುವ ದನಿಯೂ ಅವರದೇ ಭಾಷೆಯಲ್ಲಿದೆ. ಕೇಳಿ, ಒಪ್ಪಿಗೆ ಪಡೆಯಿರಿ, ಕೈಲಾದ ಸಂಭಾವನೆ ಕೊಡಿ, ಗೇಮ್‌ನೊಳಗೆ ಹೆಸರು ಹಾಕಿ.

ನಿಮ್ಮ ಗೆಳತಿಯ ಆತಂಕದ ಹಿಂದೆ ಉದ್ಯೋಗದ ಭಯವೂ ಇರಬಹುದು. ಅದಕ್ಕೆ ಸುಳ್ಳು ಸಮಾಧಾನ ಹೇಳಲಾರೆ. ಗೇಮ್ ಅಭಿವೃದ್ಧಿಪಡಿಸುವವರ ಸಮ್ಮೇಳನವಾದ ಜಿಡಿಸಿಯ 2025ರ ಸಮೀಕ್ಷೆಯಲ್ಲಿ ಶೇ. 30ರಷ್ಟು ಮಂದಿ ಜನರೇಟಿವ್ ಎಐಯಿಂದ ಉದ್ಯಮಕ್ಕೆ ಕೆಡುಕಾಗುತ್ತಿದೆ ಎಂದರು. ಹಿಂದಿನ ವರ್ಷ ಹಾಗೆಂದವರು ಶೇ. 18. ಈ ಮಾತು ಹೊರಗಿನವರದಲ್ಲ, ಗೇಮ್ ಮಾಡಿಯೇ ಬದುಕುವವರದು. ಹೇಳಿದ್ದನ್ನು ಹೇಳಿದಂತೆ ಬಿಡಿಸಿಕೊಡುವ ಕೆಲಸಕ್ಕೆ ಮುಂದೆ ಬೇಡಿಕೆ ಕಡಿಮೆಯಾಗುತ್ತದೆ ಎಂದೇ ನನ್ನ ಅಂದಾಜು. ಏನು ಬಿಡಿಸಬೇಕು, ಯಾಕೆ, ಆಡುವವನಿಗೆ ಅದರಿಂದ ಏನು ತಿಳಿಯಬೇಕು ಎಂದು ಹೇಳಬಲ್ಲ ಕಲಾವಿದೆ ತಂಡದಲ್ಲಿ ಉಳಿಯುತ್ತಾಳೆ. ಅವಳು ಒಂದಿಷ್ಟು ಎಂಜಿನ್ ಕೆಲಸ ಕಲಿಯಲಿ, ಗೋಡೋದಲ್ಲಿ ತನ್ನ ಚಿತ್ರವನ್ನು ತಾನೇ ತಂದು ಓಡಿಸಿ ನೋಡುವಷ್ಟು. ನೀವು ಒಂದಿಷ್ಟು ಚಿತ್ರ ನೋಡುವುದನ್ನು ಕಲಿಯಿರಿ.

ಈಗ ಏನು ಮಾಡಬೇಕು ಎಂದರೆ, ಕಂಪ್ಯೂಟರ್ ಮುಚ್ಚಿಟ್ಟು ಮೂವರೂ ಕುಳಿತು ಈ ಆಟವನ್ನು ಕಾಗದದ ಮೇಲೆ ಮಾಡಿ. ಹೊಳವಿಗೆ ಕವಡೆ ಹಾಕಿ, ಕೊನೆಗೌಡನಿಗೆ ಒಂದು ಕಾಯಿ, ತೋಟಗಳಿಗೆ ಚೌಕ. ನಿಮ್ಮ ಹಾಸ್ಟೆಲ್‌ನವರಿಗೆ ಆಡಿಸುವ ಮೊದಲು ತೀರ್ಥಹಳ್ಳಿಯ ಮನೆಯಲ್ಲಿ ಅಡಿಕೆ ಬೆಳೆಯುವವರಿಗೆ ಆಡಿಸಿ. ಆಡುವಾಗ ನೀವು ಬಾಯಿ ಬಿಡಬೇಡಿ, ವಿವರಿಸಬೇಡಿ, ಸಮರ್ಥಿಸಿಕೊಳ್ಳಬೇಡಿ. ಎಲ್ಲಿ ತಡೆದು ನಿಂತರು, ಎಲ್ಲಿ ಒಬ್ಬರ ಮೇಲೊಬ್ಬರು ರೇಗಿದರು, ಎಲ್ಲಿ ‘ಹೀಗೆ ಆಗುವುದೇ ಇಲ್ಲ’ ಎಂದರು ಎಂಬುದನ್ನು ಬರೆದುಕೊಳ್ಳಿ. ಗೆಳತಿ ಅವರ ಮುಖಗಳನ್ನು ಬಿಡಿಸಿಕೊಳ್ಳಲಿ, ಪಾತ್ರಗಳು ಅಲ್ಲಿಂದಲೇ ಸಿಗುತ್ತವೆ. ಆ ಟಿಪ್ಪಣಿಯನ್ನು ಇಟ್ಟುಕೊಂಡು ನಿಯಮಗಳನ್ನು ತಿದ್ದಿ, ಮತ್ತೆ ಆಡಿಸಿ, ಜನ ತಾವಾಗಿಯೇ ಇನ್ನೊಂದು ಆಟ ಆಡೋಣ ಎಂದು ಕೇಳಿದ ದಿನ ಗೋಡೋ ತೆರೆಯಿರಿ. ಕೋಡ್ ಬರೆಯಲು ಎಐಯನ್ನು ಅಂದಿನಿಂದ ಕರೆದುಕೊಳ್ಳಬಹುದು.